ಹುಣಸೆ ಬೀಜದ ಕೆಳಗಿನ ಶಬ್ದ

ಹೊಸದಾಗಿ ಶಾಲೆಗೆ ಸೇರಿದ ತರುಣ ಮಾಸ್ತರರು ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಹೆಡ್‌ಮಾಸ್ತರಿಕೆ ಯಾವಾಗ ಸಿಕ್ಕಿತು ಎಂದು ಕೇಳುತ್ತಾರೆ. ಅದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಓದಿದರೆ ನಿದ್ದೆ ಬರುತ್ತದೆ. ನನ್ನ ಹತ್ತಿರ ಬೇರೆ ಪುಸ್ತಕಗಳಿವೆ. ಇಪ್ಪತ್ತೊಂದನೆಯ ವಯಸ್ಸಿನಿಂದ ಪ್ರತಿ ಸಂಜೆ ನಾನು ಒಂದು ನೋಟುಬುಕ್ಕಿನಲ್ಲಿ ತಾರೀಖು, ಹಾಜರಿ, ಆ ದಿನ ಕಲಿಸಿದ್ದು, ಮಕ್ಕಳಿಗೆ ಹತ್ತಿದ್ದೆಷ್ಟು, ನಾನು ತಪ್ಪಿದ್ದೆಷ್ಟು ಎಂದು ಬರೆದಿಡುತ್ತಿದ್ದೆ. ಈಗ ಬರೆಯುತ್ತಿರುವುದು ಮೊದಲ ನಾಲ್ಕು ನೋಟುಬುಕ್ಕುಗಳಿಂದ ತೆಗೆದದ್ದು. ಶಾಲೆಯ ಹೆಸರು ಬೇಡ. ಅಂಕೋಲೆಯಿಂದ ಸಮುದ್ರದ ಕಡೆಗೆ ನಡೆದರೆ ಸಿಗುತ್ತಿದ್ದ ಒಂದು ಕನ್ನಡ ಶಾಲೆ, ಅಷ್ಟು ಸಾಕು.

ನಾನು ಹಳಿಯಾಳದ ಕಡೆಯವನು. ೧೯೩೨ರ ಜೂನ್ ತಿಂಗಳಲ್ಲಿ ಅಲ್ಲಿಗೆ ಬರುವವರೆಗೂ ಸಮುದ್ರ ನೋಡಿರಲಿಲ್ಲ. ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಬೊಬ್ರುವಾಡದ ರೈತರ ಮಕ್ಕಳು ಮನೆಯಲ್ಲಿ ಆಡುವ ಕನ್ನಡ ಒಂದು ಬಗೆ, ದಂಡೆಯ ಮೀನುಗಾರರ ಮಕ್ಕಳದು ಇನ್ನೊಂದು ಬಗೆ. ಪೇಟೆಯ ಕೆಲವರ ಮನೆಯಲ್ಲಿ ಕೊಂಕಣಿ. ಪಠ್ಯಪುಸ್ತಕದ ಕನ್ನಡ ಈ ಮೂರರಲ್ಲಿ ಯಾವುದೂ ಅಲ್ಲ. ನನ್ನ ಮಾತು ಕೇಳಿ ಮೊದಲ ದಿನ ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಹಾಗಾಗಿ ಬೆಂಚಿನ ಮೇಲೆ ಐದು ಬಗೆಯ ಮಾತು ಇದ್ದವು ಎಂದು ಡೈರಿಯಲ್ಲಿ ಬರೆದಿದ್ದೇನೆ.

ಆಗಿನ ಪದ್ಧತಿ ಸರಳ. ಪಾಠದ ಕೊನೆಯಲ್ಲಿ ಕಠಿಣ ಶಬ್ದಗಳ ಪಟ್ಟಿ, ಎದುರಿಗೆ ಅರ್ಥ. ಮಕ್ಕಳು ಒಕ್ಕೊರಲಿನಿಂದ ಕೂಗಬೇಕು: ಕೃಷಿಕ ಅಂದರೆ ಬೇಸಾಯಗಾರ, ವೃಷ್ಟಿ ಅಂದರೆ ಮಳೆ. ನಾನೂ ಹಾಗೆಯೇ ಕಲಿತವನು, ಹಾಗೆಯೇ ಕಲಿಸಿದೆ. ಎರಡು ತಿಂಗಳಾದ ಮೇಲೆ ಒಂದು ದಿನ ಒಬ್ಬ ಹುಡುಗಿಯನ್ನು ಕೇಳಿದೆ, "ನಿಮ್ಮ ಮನೆಯಲ್ಲಿ ಕೃಷಿಕರು ಯಾರಿದ್ದಾರೆ?"

ಅವಳ ಅಪ್ಪ, ದೊಡ್ಡಪ್ಪ, ಅಣ್ಣಂದಿರು ಎಲ್ಲ ಗದ್ದೆಯಲ್ಲೇ ಇದ್ದವರು. ಅವಳು ಸ್ವಲ್ಪ ಯೋಚಿಸಿ, "ನಮ್ಮನೇಲಿ ಹಂಗಿದ್ದೋರು ಯಾರೂ ಇಲ್ಲ ಮಾಸ್ತರೆ, ಎಲ್ಲ ಒಳ್ಳೇರೆಯಾ" ಅಂದಳು.

ಆ ಸಂಜೆ ನಾನು ಮನಸ್ಸಿಟ್ಟು ಪರೀಕ್ಷೆ ಮಾಡಿದೆ. ನಲವತ್ತು ಶಬ್ದಗಳ ಅರ್ಥವನ್ನು ಬಾಯಿಪಾಠವಾಗಿ ಕೇಳಿದಾಗ ತರಗತಿಯಿಂದ ಮೂವತ್ತೊಂದು ಸರಿಯಾಗಿ ಬಂದವು. ಅದೇ ಶಬ್ದಗಳನ್ನು ವಾಕ್ಯದಲ್ಲಿ ಸರಿಯಾದ ಜಾಗಕ್ಕೆ ಹಾಕಲು ಹೇಳಿದಾಗ ಬಂದದ್ದು ಆರು. ಡೈರಿಯಲ್ಲಿ ಎರಡೂ ಅಂಕಿಗಳನ್ನು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಬೇರೇನೂ ಬರೆದಿಲ್ಲ. ನಾಚಿಕೆಯಾಗಿರಬೇಕು.

ಹೊಸ ದಾರಿ ನನಗೆ ಹೊಳೆದದ್ದಲ್ಲ, ಗೆದ್ದಲು ತೋರಿಸಿದ್ದು. ಆ ಮಳೆಗಾಲದಲ್ಲಿ ಶಾಲೆಯ ಕಪಾಟಿಗೆ ಗೆದ್ದಲು ಹತ್ತಿ ಓದುವ ಪುಸ್ತಕಗಳಿಗೆ ತೂತು ಬಿತ್ತು. ಹೊಸ ಪುಸ್ತಕ ಬರಲು ದೀಪಾವಳಿಯಾದರೂ ಆಗಬೇಕು. ಬೇರೆ ಉಪಾಯವಿಲ್ಲದೆ ತೂತಿನ ಪುಸ್ತಕವನ್ನೇ ಓದಿಸಿದೆ. ಮಕ್ಕಳು ತೂತು ಬಂದಲ್ಲಿ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ನಿಲ್ಲಲಿಲ್ಲ. 'ಹಸು ಕರುವನ್ನು' ಆದ ಮೇಲೆ ತೂತು, ಹುಡುಗ 'ನೆಕ್ಕಿತು' ಎಂದು ಓದಿ ಮುಂದೆ ಹೋದ. ತೂತಿಲ್ಲದ ನನ್ನ ಪ್ರತಿಯಲ್ಲಿ ನೋಡಿದೆ, 'ನೆಕ್ಕಿತು' ಎಂದೇ ಇತ್ತು. ಆ ದಿನ ಹದಿನೇಳು ತೂತುಗಳಲ್ಲಿ ಹನ್ನೆರಡನ್ನು ಮಕ್ಕಳು ಸರಿಯಾಗಿ ತುಂಬಿದರು. ಅವುಗಳಲ್ಲಿ ಎರಡು ಕಠಿಣ ಶಬ್ದದ ಪಟ್ಟಿಯಲ್ಲಿದ್ದವು.

ಮರುದಿನದಿಂದ ನಾನೇ ತೂತು ಮಾಡತೊಡಗಿದೆ. ಪುಟದ ಮೇಲೆ ಒಂದು ಶಬ್ದವನ್ನು ಆರಿಸಿ ಅದರ ಮೇಲೆ ಹುಣಸೆ ಬೀಜಗಳನ್ನು ಸಾಲಾಗಿ ಇಡುವುದು. ಕರಿಹಲಗೆಯ ಮೇಲೆ ಮೂರು ಶಬ್ದ ಬರೆಯುವುದು. ಬೀಜದ ಕೆಳಗಿರುವುದು ಆ ಮೂರರಲ್ಲಿ ಯಾವುದು ಎಂದು ಮಗು ಹೇಳಬೇಕು. ಮೊದಲ ವಾರ ಗದ್ದಲವೇ ಗದ್ದಲ. ಎಲ್ಲರೂ ಬಾಯಿಗೆ ಬಂದದ್ದನ್ನು ಕೂಗುವವರು. ಮೂರರಲ್ಲಿ ಒಂದು ಹೇಗೂ ಸರಿಯಾಗುತ್ತದೆ ಎಂಬುದು ಅವರಿಗೆ ನನಗಿಂತ ಮುಂಚೆ ತಿಳಿಯಿತು. ಆಗ ಒಂದು ನಿಯಮ ಮಾಡಿದೆ. ಶಬ್ದ ಹೇಳಿದರೆ ಸಾಲದು, ವಾಕ್ಯದಲ್ಲಿ ಆ ಶಬ್ದವನ್ನು ತೋರಿಸಿಕೊಟ್ಟ ಇನ್ನೊಂದು ಶಬ್ದದ ಮೇಲೆ ಬೆರಳಿಡಬೇಕು. ಅದಕ್ಕೆ ನಾವು 'ಸಾಕ್ಷಿ' ಎಂದು ಹೆಸರಿಟ್ಟೆವು. ಸಾಕ್ಷಿ ತೋರಿಸಿದ ಮೇಲೆಯೇ ಬೀಜ ಎತ್ತಬೇಕು. ನೋಟುಬುಕ್ಕಿನಲ್ಲಿ ಅಂದಿನಿಂದ ಎರಡು ಕಾಲಮು: ಶಬ್ದ ಸರಿ, ಸಾಕ್ಷಿ ಸರಿ.

ನಮ್ಮ ಹೆಡ್‌ಮಾಸ್ತರರು ಪಾಂಡುರಂಗ ಮಾಸ್ತರರು, ಕಾರವಾರದವರು. ಒಳ್ಳೆಯ ಮನುಷ್ಯ, ಆದರೆ ಮೇಲಿನಿಂದ ಒಂದು ಚೀಟಿ ಬಂದರೂ ಊಟ ಬಿಡುವ ಜಾತಿ. ಬಾಗಿಲಲ್ಲಿ ನಿಂತು ಬೀಜಗಳನ್ನು ನೋಡಿ ಹೇಳಿದರು, "ಅರೇ ಮಾಸ್ತರೆ, ಇದು ಶಾಲೆಯಾ, ಗುಳಿಮಣೆ ಆಡೂ ಜಾಗವಾ? ನಾಳೆ ಕವಡೆ ಸಹ ತರ್ತೀರೇನು?"

"ಬೀಜ ಸಾಕು" ಎಂದೆ.

"ಸಾಕು ಅಂತಾರೆ ನೋಡಿ. ಸಾಹೇಬರು ಬಂದಾಗ ಏನು ಹೇಳೂದು ಅಂತ ಅದಕ್ಕೂ ಒಂದು ಬೀಜ ಇಟ್ಕೊಳ್ಳಿ."

ಸಾಹೇಬರು ಎಂದರೆ ಶಾಲೆಗಳ ತಪಾಸಣೆಗೆ ಕಾರವಾರದಿಂದ ಬರುತ್ತಿದ್ದ ಅಧಿಕಾರಿ. ಧಾರವಾಡದವರು, ಖಡಕ್ ಮನುಷ್ಯ. ಆ ಜನವರಿಯಲ್ಲಿ ಬಂದರು. ಪಟ್ಟಿ ಹಿಡಿದು ಇಪ್ಪತ್ತು ಶಬ್ದಗಳ ಅರ್ಥ ಕೇಳಿದರು. ಕೂಗುವ ರೂಢಿ ತಪ್ಪಿದ್ದ ನನ್ನ ಮಕ್ಕಳು ಒಂಬತ್ತಕ್ಕೆ ಉತ್ತರ ಹೇಳಿದರು. ಭೇಟಿ ಪುಸ್ತಕದಲ್ಲಿ 'ಶಬ್ದಾರ್ಥ ಅಶಕ್ತ, ಶಿಕ್ಷಕರು ಲಕ್ಷ್ಯ ಕೊಡಬೇಕು' ಎಂದು ಷರಾ ಬಿತ್ತು. ಬೀಜದ ವಿಷಯ ಹೇಳಲು ಬಾಯಿ ತೆರೆದೆ. "ಪಟ್ಟಿ ಬಾಯಿಗೆ ಬರಲಿ ಮೊದಲ" ಎಂದು ಅವರು ಟೊಪ್ಪಿಗೆ ಹಾಕಿಕೊಂಡರು. ನಾನು ಬೀಜ ಬಿಡಲಿಲ್ಲ. ಬೆಳಿಗ್ಗೆ ಕಾಲು ಗಂಟೆ ಪಟ್ಟಿ ಕೂಗಿಸಿ ಸಾಹೇಬರ ಸಾಲ ತೀರಿಸುತ್ತಿದ್ದೆ, ಆಮೇಲೆ ನನ್ನ ಕೆಲಸ. ಎರಡನೆಯ ವರ್ಷದ ಕೊನೆಗೆ ಅಂಕಿಗಳು ಹೀಗಿವೆ: ಪಟ್ಟಿಯಲ್ಲಿ ನಲವತ್ತಕ್ಕೆ ಮೂವತ್ತು, ವಾಕ್ಯದಲ್ಲಿ ಇಪ್ಪತ್ತೆಂಟು.

ಇಲ್ಲಿ ತರುಣರಿಗೆ ಒಂದು ಮಾತು. ಈಗ ಪ್ರಶ್ನೆಪತ್ರಿಕೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂದು ಅಚ್ಚಾಗಿಯೇ ಬರುತ್ತದೆ, ಬೀಜ ಹುಡುಕುವ ತೊಂದರೆಯಿಲ್ಲ. ಆದರೆ 'ಹೇಗೆ ಗೊತ್ತಾಯಿತು' ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳದೆ ಮಾರ್ಕು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಕೈಯಿಂದ ಮಾಡಿ ನೋಡಿದ್ದೇನೆ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

೧೯೩೪ರ ಜೂನ್‌ನಲ್ಲಿ ರುಕ್ಮಿ ಬಂದಳು. ಇಪ್ಪತ್ಮೂರು ವರ್ಷದ ಹೆಂಗಸು, ಕೇಣಿಯ ದಂಡೆಯ ಜಟ್ಟಿ ತಾಂಡೇಲನ ಮಗಳು. ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ, ಸಮುದ್ರದಲ್ಲಿ ಅವನ ಮಾತೇ ಮಾತು. ಗಂಡ ಮುಂಬೈಯ ಬಂದರಿನ ಕೆಲಸಕ್ಕೆ ಹೋದವನು ನಾಲ್ಕು ವರ್ಷದಿಂದ ಕಾಗದ ಬರೆದಿರಲಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಮೀನು ಮಾರಿ, ಬುಟ್ಟಿ ತೊಳೆದು, ಶಾಲೆ ಬಿಡುವ ಹೊತ್ತಿಗೆ ಬಂದು ಜಗಲಿಯ ಕೆಳಗೆ ನಿಂತಳು.

"ಐದ್ನೇ ಇಯತ್ತೆ ಕಲ್ತಿದೆ ಮಾಸ್ತರೆ. ಮುಲ್ಕಿ ಕಟ್ಬೇಕು."

ಮುಲ್ಕಿ ಎಂದರೆ ಏಳನೆಯ ಇಯತ್ತೆಯ, ಅಂದರೆ ತರಗತಿಯ, ಕೊನೆಯ ಪರೀಕ್ಷೆ. ಅದು ಪಾಸಾದವರಿಗೆ ಮಾಸ್ತರಿಕೆ ಸಿಗುತ್ತಿದ್ದ ಕಾಲ.

"ಯಾಕೆ?" ಎಂದೆ.

"ಕಾರವಾರದ ಹೊಳೆ ಆಚೆ ದೇವಬಾಗದಲ್ಲಿ ನನ್ ಚಿಕ್ಕವ್ವ ಇದ್ದಾಳೆ. ಅಲ್ಲಿ ಹೆಣ್ಮಕ್ಳಿಗೆ ಬೇರೆ ತರಗತಿ ತೆಗೀತ್ರಂತೆ, ಕಲ್ಸೂಕೆ ಅಕ್ಕೋರು ಸಿಕ್ರೆ. ಮುಲ್ಕಿ ಆದ ಹೆಂಗ್ಸು ಆ ದಂಡೆಲೆಲ್ಲೂ ಇಲ್ಲ. ನಾನಾದ್ರೆ ಇದ್ದಂಗಾಯ್ತಲ್ಲ."

"ಎರಡು ವರ್ಷದ ಪಾಠ ಒಂದು ವರ್ಷದಲ್ಲಿ ಆಗಬೇಕು."

"ಮಳೆಗಾಲದಲ್ಲಿ ಮೀನಿಲ್ಲ. ಆಗ ಜಾಸ್ತಿ ಓದ್ತೆ."

ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಬಾಗಿಲು ತೆರೆದಿಟ್ಟು, ಪಾಂಡುರಂಗ ಮಾಸ್ತರರು ಆಚೆ ಹಾಜರಿ ಪುಸ್ತಕ ಬರೆಯುತ್ತಿರುವಾಗ ಕಲಿಸುತ್ತಿದ್ದೆ. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಾದದ್ದು ಪುಸ್ತಕದ ಕನ್ನಡ. ಬೀಜದ ಆಟ ಮೊದಲ ದಿನವೇ ಹಿಡಿಸಿತು. ಆದರೆ ಮಕ್ಕಳ ಹಾಗೆ ಥಟ್ಟನೆ ಹೇಳುತ್ತಿರಲಿಲ್ಲ. ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ, ಕೊನೆಯಿಂದ ಮೊದಲಿನವರೆಗೆ ಬೆರಳು ಹಿಡಿದು ಓದುತ್ತಿದ್ದಳು. ಪೇಟೆಯಲ್ಲಿ ಗಿರಾಕಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಒಂದೊಂದು ಶಬ್ದವನ್ನು ಎತ್ತಿ ನೋಡುವಳು. ಒಮ್ಮೆ 'ನಿಸ್ತೇಜ' ಎಂಬ ಶಬ್ದದ ಮೇಲೆ ಬೀಜ ಇಟ್ಟಿದ್ದೆ. 'ಹದಿನೈದು ದಿನದ ಜ್ವರದಿಂದ ಆತನ ಮುಖ' ಎಂದು ಮೊದಲಾಗುವ ವಾಕ್ಯ. ಅವಳು ಆ ಶಬ್ದವನ್ನು ಜನ್ಮದಲ್ಲಿ ಕೇಳಿರಲಿಲ್ಲ. ಉಳಿದ ಎರಡು ಶಬ್ದ ಜ್ವರದವನ ಮುಖಕ್ಕೆ ಹೊಂದುವುದಿಲ್ಲ ಎಂದು ತಳ್ಳಿ ಇದನ್ನು ಉಳಿಸಿಕೊಂಡಳು. ಅರ್ಥ ಏನು ಎಂದರೆ, "ನಿನ್ನೆ ಮೀನಿನ ಕಣ್ಣು" ಎಂದಳು. ಅದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಯಾವ ಕೋಶದಲ್ಲೂ ನೋಡಿಲ್ಲ.

ಮುಲ್ಕಿಗೆ ಹೊರಗಿನವರಾಗಿ ಕೂಡುವವರು ಮೊದಲು ಶಾಲೆಯ ಚಾಚಣಿ ಪರೀಕ್ಷೆಯಲ್ಲಿ ಪಾಸಾಗಬೇಕು. ಆಮೇಲೆಯೇ ಹೆಡ್‌ಮಾಸ್ತರರು ಹೆಸರನ್ನು ಕಾರವಾರಕ್ಕೆ ಕಳಿಸುವುದು. ೧೯೩೫ರ ಫೆಬ್ರವರಿ ೧೧ರಂದು ಚಾಚಣಿ ನಡೆಯಿತು. ಒಂಬತ್ತು ಜನ ಕೂತರು. ಕನ್ನಡದ ಪ್ರಶ್ನೆಪತ್ರಿಕೆ ನಾನೇ ಬರೆದದ್ದು. ಶಬ್ದ ಆರಿಸುವ ಪ್ರಶ್ನೆಯಲ್ಲಿ ಒಂದು ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು. ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ ಇಲ್ಲಿಯವರು ಅಳಿವೆ ಎನ್ನುತ್ತಾರೆ. ಆ ಶಬ್ದವನ್ನು ಹೊಸದಾಗಿ ಕಲಿತಿದ್ದೆ, ಬಳಸಿ ತೋರಿಸುವ ಆಸೆ. ವಾಕ್ಯ ಹೀಗಿತ್ತು:

'ಪಡುವಣದಲ್ಲಿ ಮೋಡ ಕವಿಯಿತು. ಗಾಳಿ ರಭಸದಿಂದ ಬೀಸತೊಡಗಿತು. ಅಳಿವೆ ಹತ್ತಿರವಾಗಿತ್ತು. ಹೇಗಾದರೂ ದಡ ಸೇರಬೇಕೆಂದು ದೋಣಿಯವರು ಹಾಯಿಯನ್ನು ______.'

ಆರಿಸಲು ಕೊಟ್ಟ ಶಬ್ದಗಳು: ಏರಿಸಿದರು, ಇಳಿಸಿದರು, ಹೊಲಿದರು. ನನ್ನ ಉತ್ತರ 'ಏರಿಸಿದರು'. ಗಾಳಿಯಿದೆ, ದಡ ಸೇರುವ ಆತುರವಿದೆ, ಇನ್ನೇನು ಬೇಕು?

ರುಕ್ಮಿ 'ಇಳಿಸಿದರು' ಎಂದು ಬರೆದಿದ್ದಳು. ಕೆಂಪು ಶಾಯಿಯಿಂದ ಗೆರೆ ಹೊಡೆದೆ. ಪ್ರತಿ ವಾಕ್ಯಕ್ಕೆ ಎರಡು ಮಾರ್ಕು. ಒಟ್ಟು ಕೂಡಿಸಿದಾಗ ಅವಳಿಗೆ ಕನ್ನಡದಲ್ಲಿ ಮೂವತ್ಮೂರು ಬಂದವು. ಪಾಸಿಗೆ ಮೂವತ್ತೈದು ಬೇಕು. ಮೂರು ಸಲ ಕೂಡಿಸಿದೆ, ಮೂವತ್ಮೂರೇ. ಡೈರಿಯಲ್ಲಿ 'ರು. ನಾಪಾಸು. ೨ ಕಡಿಮೆ' ಎಂದಿದೆ. ಆ ಸಾಲಿನ ಕೆಳಗೆ ಅವಳಿಗೆ ಹೇಗೆ ಹೇಳುವುದು ಎಂಬ ಚಿಂತೆ ಬರೆದಿದ್ದೇನೆಯೇ ಹೊರತು, ಉತ್ತರ ಸರಿಯಿದ್ದರೂ ಇರಬಹುದು ಎಂಬ ಸಂಶಯ ಎಲ್ಲೂ ಇಲ್ಲ.

ಮರುದಿನ ಅವಳಿಗೆ ಉತ್ತರಪತ್ರಿಕೆ ತೋರಿಸಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಕೆಂಪು ಗೆರೆಯ ಮೇಲೆ ಬೆರಳಿಟ್ಟಳು.

"ಮಾಸ್ತರೆ, ಇದ್ಕೆ ಸಾಕ್ಷಿ ಕೇಳಲಿಲ್ಲ ನೀವು."

"ಬರೆಯುವ ಪರೀಕ್ಷೆಯಲ್ಲಿ ಸಾಕ್ಷಿ ಹೇಗೆ ಕೇಳುವುದು?"

"ಈಗ ಕೇಳಿ."

"ಹೇಳು."

"ಮೋಡ ಪಡುವಣದಲ್ಲಿ, ಒಂದು. ಗಾಳಿ ರಭಸ, ಎರಡು. ಅಳಿವೆ ಎದ್ರಿಗೇ ಅದೆ, ಮೂರು. ಈ ಮೂರು ಇಟ್ಕಂಡಿ ಹಾಯಿ ಏರಿಸ್ದೋರು ದಡ ಸೇರೂದಿಲ್ಲ ಮಾಸ್ತರೆ. ಅವ್ರ ಹೆಣ ಸೇರ್ತದೆ. ಹಾಯಿ ಇಳ್ಸಿ, ಹುಟ್ಟು ಹಾಕಿ, ತೆರೆ ನೋಡ್ಕಂಡಿ ಒಳಗೆ ಬರೂದು. ನಮ್ ಮನೇ ಮಕ್ಳಿಗೂ ಗುತ್ತು."

ಅವಳು ಬುಟ್ಟಿ ಎತ್ತಿಕೊಂಡಳು. "ನನ್ ಮಾತ್ ನಂಬೂದು ಬೇಡ. ದಂಡೆಗೆ ಬಂದು ಕೇಳಿ. ಹೆಸ್ರು ಕಳ್ಸೂಕೆ ಇನ್ನೂ ಆರು ದಿನ ಅದೆಯಲ್ಲ."

ಫೆಬ್ರವರಿ ೧೩ರಂದು ಬೆಳಿಗ್ಗೆ ಆರೂವರೆಗೆ ಕೇಣಿಯ ದಂಡೆಗೆ ಹೋದೆ. ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ದೋಣಿ ಎಳೆಯುತ್ತಿದ್ದವರು, ಬಲೆ ಒಣಗಿಸುತ್ತಿದ್ದವರು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಓದಿ ಹೇಳಿ, ಮೂರು ಶಬ್ದ ಕೊಟ್ಟು ಕೇಳಿದೆ. ಜಟ್ಟಿ ತಾಂಡೇಲನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವನು ಕಕ್ಷಿಗಾರ. ಉಳಿದ ಹನ್ನೊಂದು ಜನ. ಹನ್ನೊಂದೂ 'ಇಳಿಸಿದರು'. ಒಬ್ಬ ಮುದುಕ ಮಾತ್ರ ಸ್ವಲ್ಪ ಯೋಚನೆ ಮಾಡಿದ.

"ಏರಿಸ್ಲಕ್ಕು" ಎಂದ.

ನಾನು ಪೆನ್ಸಿಲ್ ತೆಗೆದೆ.

"ಕುಡ್ದಿದ್ರೆ" ಎಂದ. "ಮಾಸ್ತರ್ರದ್ದು ಯಾವೂರು?"

"ಹಳಿಯಾಳದ ಕಡೆ."

"ಹಂಗಾರೆ ತಪ್ಪಿಲ್ಲ ಬಿಡಿ. ನಾವು ಅಲ್ಲಿಗ್ ಬಂದ್ರೆ ಎತ್ತಿನ ಬಾಲಕ್ಕೆ ನೊಗ ಕಟ್ತೆವು."

ದಂಡೆಯೆಲ್ಲ ನಕ್ಕಿತು. ಜಟ್ಟಿ ತಾಂಡೇಲ ಒಬ್ಬನೇ ನಗಲಿಲ್ಲ. ನನ್ನನ್ನು ದೋಣಿಯ ಮರೆಗೆ ಕರೆದು ಹೇಳಿದ, "ಒಡೆಯಾ, ಈ ಸಲ ಆಗ್ಲಿಲ್ಲ ಅಂದ್ರೆ ಪುಸ್ತಕ ಬಿಟ್ಬಿಡೂಕೆ ಹೇಳಿದ್ದೆ ಅವ್ಳಿಗೆ. ಗಂಡ ಬಿಟ್ಟೋಳು, ಇಷ್ಟ್ ದೊಡ್ಡೋಳು, ಸ್ಲೇಟ್ ಹಿಡ್ಕಂಡಿ ಹೋಗ್ತಾಳೆ ಅಂತ ಊರ್ನೋರು ಆಡ್ತ್ರು. ನಾನೂ ಎಷ್ಟ್ ದಿನ ಕೇಳ್ಲಿ? ಈ ಸಲ ಆದ್ರೆ ಆಯ್ತು. ಇಲ್ದಿದ್ರೆ ಇಲ್ಲ."

ಹಾಗಾಗಿ ಎರಡು ಮಾರ್ಕಿನ ಮೇಲೆ ಏನು ನಿಂತಿದೆ ಎಂದು ನನಗೆ ಸರಿಯಾಗಿ ತಿಳಿದೇ ನಾನು ಪಾಂಡುರಂಗ ಮಾಸ್ತರರ ಹತ್ತಿರ ಹೋದೆ. ಪ್ರಶ್ನೆ ನನ್ನದು, ತಪ್ಪು ನನ್ನದು, ಮಾರ್ಕು ತಿದ್ದಬೇಕು ಎಂದೆ. ಅವರು ಕನ್ನಡಕ ತೆಗೆದರು.

"ಎಲ್ಲರದ್ದೂ ತಿದ್ದುತ್ತೀರೋ?"

ಅದನ್ನೂ ಯೋಚಿಸಿದ್ದೆ. ಒಂಬತ್ತೂ ಜನರನ್ನು ಕರೆಸಿ ಸಾಕ್ಷಿ ಕೇಳಿದೆ. ಏಳು ಜನ 'ಏರಿಸಿದರು' ಎಂದು ಬರೆದವರು. ಅವರೆಲ್ಲ ಪೇಟೆಯ ಮತ್ತು ಗದ್ದೆಯ ಕಡೆಯವರು. ಗಾಳಿಯ ಮೇಲೋ ದಡದ ಮೇಲೋ ಬೆರಳಿಟ್ಟರು. ಸಮುದ್ರ ತಿಳಿಯದ ಮಾಸ್ತರ ಬರೆದ ವಾಕ್ಯವನ್ನು ಅವರು ಮಾಸ್ತರನ ಹಾಗೆಯೇ ಓದಿದ್ದರು, ಅವರ ಮಾರ್ಕು ಕಿತ್ತುಕೊಳ್ಳುವುದು ನ್ಯಾಯವಲ್ಲ. 'ಇಳಿಸಿದರು' ಎಂದು ಬರೆದವರು ಇಬ್ಬರು. ಒಬ್ಬಳು ರುಕ್ಮಿ. ಇನ್ನೊಬ್ಬ ಪೇಟೆಯವನು, "ಸುಮ್ನೆ ಬರೆದೆ ಮಾಸ್ತರೆ" ಎಂದ. ಅವನಿಗೆ ಸಾಕ್ಷಿಯಿಲ್ಲ, ಮಾರ್ಕೂ ಇಲ್ಲ.

ಪಾಂಡುರಂಗ ಮಾಸ್ತರರು ಪಟ್ಟಿ ನೋಡಿ ಹಣೆ ಒತ್ತಿಕೊಂಡರು. "ಅಂದ್ರೆ ಒಂಬತ್ತರಲ್ಲಿ ಬದಲಾಗೂದು ಒಂದೇ ಒಂದು, ಅದೂ ಆಕೆದು. ದಿನಾ ಸಂಜೆ ನಿಮ್ಮ ಹತ್ರ ಕಲಿಯೂ ಹೆಂಗಸು. ಗಂಡ ಊರಲ್ಲಿಲ್ಲ. ನೀವಿನ್ನೂ ಮದುವೆಯಾಗದ ಪ್ರಾಯದವರು. ನಾನು ಬಾಗಿಲಲ್ಲಿ ಕೂತದ್ದು ನನಗೆ ಗೊತ್ತು, ಊರಿಗೆ ಗೊತ್ತಾ? ನಿಮ್ಮ ನೌಕರಿನೂ ಹೋಗ್ತದೆ, ಆಕೆ ಮಾನಾನೂ ಹೋಗ್ತದೆ ಮಾರಾಯ್ರೆ."

ಅವರು ಹೇಳಿದ್ದು ಸುಳ್ಳಲ್ಲ. ಆ ರಾತ್ರಿಯ ಪುಟದಲ್ಲಿ ಎರಡು ಕಾಲಮು ಮಾಡಿ ಮಾಡಿದರೆ ಏನು, ಮಾಡದಿದ್ದರೆ ಏನು ಎಂದು ಬರೆದಿದ್ದೇನೆ. ಮಾಡದಿದ್ದರೆ ಎಂಬ ಕಡೆ ಒಂದೇ ಸಾಲಿದೆ: 'ಸರಿಯಾದ ಉತ್ತರಕ್ಕೆ ನಾಪಾಸು.' ಬೆಳಿಗ್ಗೆ ಒಂದು ದಿನದ ರಜೆ ಕೇಳಿ ಕಾರವಾರದ ಮೋಟಾರು ಹತ್ತಿದೆ.

ಸಾಹೇಬರು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ದಂಡೆಯ ಪಟ್ಟಿ ಮೂರನ್ನೂ ಮೇಜಿನ ಮೇಲಿಟ್ಟು, ಸಾಕ್ಷಿ ಕೇಳುವ ನಿಯಮವನ್ನೂ ಹೇಳಿದೆ. ಓದಿದರು.

"ನೀನ ಬರದ ಪ್ರಶ್ನಿ, ನೀನ ತಪ್ಪು ಅಂತೀಯಲ್ಲೋ."

"ಹೌದು ಸಾಹೇಬರೆ."

"ಹನ್ನೊಂದು ಮಂದೀನ್ನ ಕೇಳಿ ಬಂದಿ. ಆಕಿ ಅಪ್ಪನ್ನ?"

"ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ."

ದಂಡೆಯ ಪಟ್ಟಿಯನ್ನು ಮಡಿಚಿಟ್ಟರು. ಆಮೇಲೆ ಹೇಳಿದರು, "ಹಾಯಿ ವಿಷಯ ಆಕಿ ಖರೆ ಇರಬಹುದು. ನನಗೂ ತಿಳಿಯೂದಿಲ್ಲ, ನಾನೂ ಜ್ವಾಳದ ನಾಡಿನಾಂವ. ಆದರ ಮುಲ್ಕಿ ಪತ್ರಿಕಾ ಬರಿಯೂ ಮಂದಿ ದಂಡಿಯವರಲ್ಲ. ಅಲ್ಲೆ ಹೊಲ ಬರತದ, ಕಣ ಬರತದ. ಅಲ್ಲೆ ಆಕಿ ಏನು ಮಾಡ್ತಾಳ? ಮಾರ್ಕು ನಾ ತಿದ್ದೂದಿಲ್ಲ. ಹತ್ತು ವಾಕ್ಯ ನಾನ ಬರದು ಲಕೋಟಿ ಒಳಗ ಕೊಡ್ತೀನಿ. ನಿಮ್ಮ ಹೆಡ್‌ಮಾಸ್ತರ ಒಡೀಲಿ, ಅಂವನ ಕೂಡಿಸಿ ಬರಸಲಿ. ನೀ ಹೊರಗ ಇರಬೇಕು. ಹತ್ತರಾಗ ಏಳು ಬಂದರ ಹೆಸರು ಕಳಸ್ರಿ. ಆರು ಬಂದರ ಮುಂದಿನ ವರ್ಷ."

ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದರು. "ಸಾಕ್ಷಿ ಕೇಳೂದು ಅಂದಿಯಲ್ಲ, ಅದನೂ ಕೇಳಲಿ. ಸಾಕ್ಷಿ ಇಲ್ಲದ್ದು ಹಿಡಿಯೂದು ಬ್ಯಾಡ." ನನ್ನ ನಿಯಮವನ್ನು ಮೇಲಿನವರೊಬ್ಬರು ಬಾಯಿ ತೆರೆದು ಹೇಳಿದ್ದು ಅದೇ ಮೊದಲು. ಅದು ರುಕ್ಮಿಯ ಕೆಲಸವನ್ನು ಇನ್ನಷ್ಟು ಕಷ್ಟ ಮಾಡಿತು. ಊಹೆಯಿಂದ ಸರಿಯಾದದ್ದೂ ಈಗ ಅವಳಿಗೆ ದಕ್ಕುವಂತಿರಲಿಲ್ಲ.

ಫೆಬ್ರವರಿ ೧೬, ಮಧ್ಯಾಹ್ನ. ನಾನು ಹೊರಗಿನ ಜಗಲಿಯಲ್ಲಿ, ಕಿಟಕಿಯ ಪಕ್ಕ. ಒಳಗೆ ಪಾಂಡುರಂಗ ಮಾಸ್ತರರು ಲಕೋಟೆ ಒಡೆದ ಸದ್ದು ಕೇಳಿಸಿತು. ಮುಕ್ಕಾಲು ಗಂಟೆ ಅವಳು ಬರೆದಳು. ಆಮೇಲೆ ಸಾಕ್ಷಿ ಶುರುವಾಯಿತು.

ಮೊದಲ ಮೂರು ಸರಿ ಹೋದವು. ನಾಲ್ಕನೆಯ ವಾಕ್ಯವನ್ನು ಮಾಸ್ತರರು ಗಟ್ಟಿಯಾಗಿ ಓದಿದರು: 'ಜೋಳದ ತೆನೆಯನ್ನು ತುಳಿಸಿಯಾಗಿತ್ತು. ಎರಡು ದಿನದಿಂದ ಎಲೆ ಅಲುಗಿರಲಿಲ್ಲ. ಮೂರನೆಯ ದಿನ ಗಾಳಿ ಬಂದ ಕೂಡಲೆ ರೈತ ಕಣಕ್ಕೆ ಓಡಿ ರಾಶಿಯನ್ನು...'

"ಏನು ಬರೆದದ್ದು ನೀನು?"

"ತೂರಿದನು."

"ಜೋಳದ ಕಣ ನೋಡಿದ್ಯಾ?"

"ಜೋಳಾನೇ ನೋಡಲಿಲ್ಲ."

"ಮತ್ತೆ?"

"ಎರಡ್ ದಿನ ಎಲೆ ಅಲ್ಗಲಿಲ್ಲ ಅಂತ ಬರ್ದೋರು ಸುಮ್ನೆ ಬರೀಲಿಲ್ಲ. ಆ ಮನ್ಷ ಗಾಳಿಗೇ ಕಾದ್ ಕೂತಿದ್ದ. ಬಿತ್ತೂಕೆ ಗಾಳಿ ಬೇಡ, ಅಳೆಯೂಕೂ ಬೇಡ. ಗಾಳಿ ಬಂತು ಅಂತ ಓಡ್ದ ಅಂದ್ರೆ ಗಾಳಿ ಮಾಡೂ ಕೆಲ್ಸವೇ ಆಗ್ಬೇಕು. ಗಾಳಿಗೆ ಕಾಯೂದು ಹೆಂಗೆ ಅಂತ ನಮ್ಗೆ ಹೇಳ್ಕೊಡ್ಬೇಕಾ?"

ಪಾಂಡುರಂಗ ಮಾಸ್ತರರು ಕೆಮ್ಮಿದರು. ಅದು ಅವರ ನಗು.

ಐದನೆಯದು ತಪ್ಪಾಯಿತು. ಆರು ಸರಿ, ಏಳು ಸರಿ. ಎಂಟನೆಯದರಲ್ಲಿ ಕೂರಿಗೆ ಎಂಬ ಬಿತ್ತನೆಯ ಸಾಧನ ಬಂದಿತ್ತು. ಶಬ್ದ ಸರಿಯಾಗಿ ಬರೆದಿದ್ದಳು.

"ಸಾಕ್ಷಿ?"

ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ಅವಳು ಯಾವುದಾದರೂ ಒಂದು ಶಬ್ದದ ಮೇಲೆ ಬೆರಳಿಟ್ಟರೆ ಸಾಕಿತ್ತು. ಪಾಂಡುರಂಗ ಮಾಸ್ತರರು ಹೆಚ್ಚು ಕೆದಕುವವರಲ್ಲ.

"ಇದ್ಕೆ ಸಾಕ್ಷಿ ಇಲ್ಲ" ಎಂದಳು. "ಊಹೆ ಮಾಡಿ ಬರೆದೆ. ಹೊಡೀರಿ."

ಆ ಗೆರೆ ಎಳೆದ ಸದ್ದು ನನಗೆ ಹೊರಗೆ ಕೇಳಿಸಿತು. ಈಗ ಆರು ಕೈಯಲ್ಲಿ, ಎರಡು ವಾಕ್ಯ ಬಾಕಿ. ಒಂಬತ್ತನೆಯದೂ ತಪ್ಪಿತು. ಹತ್ತನೆಯದನ್ನು ಮಾಸ್ತರರು ಓದುವ ಮೊದಲೇ ರುಕ್ಮಿ ಕೇಳಿದಳು, "ಇದ್ ಬರ್ದ ಸಾಹೇಬ್ರು ಧಾರವಾಡದವ್ರೇ ಅಲ್ವಾ?"

"ಎಂತಕೆ?"

"ಇದ್ರಲ್ಲಿ, 'ಮೊದಲ ಮಳೆ ಬಿದ್ದ ಮೇಲೆ ದಾರಿಯಲ್ಲಿ ನಡೆಯುವುದು' ಅಂತ ಅದೆ. ಕೊಟ್ಟ ಶಬ್ದ ಸುಲಭವಾಯಿತು, ದುಸ್ತರವಾಯಿತು, ರಮ್ಯವಾಯಿತು. ನಮ್ಮಲ್ಲಿ ಮೊದಲ್ನೇ ಮಳೆ ಬಿದ್ರೆ ದಂಡೆ ಹೊಯ್ಗೆ ಗಟ್ಟಿಯಾಗಿ ನಡೆಯೂಕೆ ಸುಲಭ. ಹಂಗೇ ಬರೆದಿದ್ದೆ ಮೊದ್ಲು. ಆಮೇಲೆ ನಮ್ ಮಾಸ್ತರು ಧಾರವಾಡದ ಬದಿ ಕರೀ ಮಣ್ಣು ಕಾಲಿಗೆ ಅಂಟ್ತದೆ, ಎತ್ತು ಸಹ ಹೂತ್ಕೋತದೆ ಅಂತ ಒಂದಿನ ಹೇಳಿದ್ದು ನೆನಪಾಯ್ತು. ವಾಕ್ಯದ ಕೊನೇಲಿ 'ಗಾಡಿಗಳು ಅಲ್ಲಲ್ಲೇ ನಿಂತವು' ಅಂತ್ಲೂ ಅದೆ. ನಮ್ ಹೊಯ್ಗೆಲಿ ಗಾಡಿನೇ ಇಲ್ಲ. ಇದು ಅವ್ರ ದಾರಿ, ನಮ್ದಲ್ಲ. ಹೊಡ್ದ್ ಹಾಕಿ ದುಸ್ತರ ಬರೆದೆ. ಆ ಶಬ್ದ ನಂಗೆ ಗುತ್ತಿಲ್ಲ. ಗಾಡಿ ನಿಂತದ್ದು ಗುತ್ತು."

ನಾನು ಎರಡೂವರೆ ವರ್ಷ ಬೀಜ ಇಟ್ಟು ಕಲಿಸಿದ್ದು ವಾಕ್ಯದ ಒಳಗಿನ ಸಾಕ್ಷಿಯನ್ನು ಮಾತ್ರ. ಬರೆದವನು ಎಲ್ಲಿ ನಿಂತು ಬರೆದ ಎಂದು ನೋಡುವುದನ್ನು ನಾನು ಕಲಿಸಿರಲಿಲ್ಲ. ನನಗೇ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಯಿಯ ವಾಕ್ಯ ಬರೆಯುತ್ತಿರಲಿಲ್ಲ. ನಿಮ್ಮ ಮುಂದೆ ಕೂತ ಮಗು ತಪ್ಪು ಶಬ್ದ ಆರಿಸಿದಾಗ, ಅದು ಯಾವ ದಾರಿಯಲ್ಲಿ ನಡೆದು ಆ ಶಬ್ದಕ್ಕೆ ಬಂತು ಎಂದು ಒಮ್ಮೆ ಕೇಳಿ. ಕೇಳಲು ಅರ್ಧ ನಿಮಿಷ ಸಾಕು, ನಾನು ಅಳೆದಿದ್ದೇನೆ.

ಪಾಂಡುರಂಗ ಮಾಸ್ತರರು ಹೊರಗೆ ಬಂದು, "ಏಳು" ಎಂದರು. "ಒಂದು ಅವಳೇ ಬಿಟ್ಟುಕೊಟ್ಟದ್ದು. ಇಂಥವಳು ಮೀನು ಹೆಂಗೆ ಮಾರ್ತಾಳೋ ದೇವರೇ ಬಲ್ಲ." ಆ ಸಂಜೆಯೇ ಅವಳ ಹೆಸರನ್ನು ಪಟ್ಟಿಯ ಕೊನೆಗೆ ಸೇರಿಸಿ, ಸಾಹೇಬರ ಲಕೋಟೆಯನ್ನು ಜೊತೆಗಿಟ್ಟು ಟಪಾಲಿಗೆ ಹಾಕಿದರು. ಯಾರೂ ಏನೂ ಆಡಿಕೊಳ್ಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಡಿಕೊಂಡರು. ಮಾಸ್ತರರು ಆ ಲಕೋಟೆಯ ಕಥೆಯನ್ನು ಪೇಟೆಯ ಅಂಗಡಿಯಲ್ಲಿ ತಾವೇ ಕೂತು ನಾಲ್ಕು ಸಲ ಹೇಳಿದ ಮೇಲೆ ನಿಂತಿತು.

ಮುಲ್ಕಿ ಪರೀಕ್ಷೆ ಏಪ್ರಿಲಿನಲ್ಲಿ ಕಾರವಾರದಲ್ಲಾಯಿತು. ನಡುವಿನ ಐವತ್ತು ದಿನಗಳಲ್ಲಿ ನಾನು ಅವಳಿಗೆ ಸಮುದ್ರದ ಒಂದು ವಾಕ್ಯವನ್ನೂ ಕೊಡಲಿಲ್ಲ. ಹೊಲ, ಬಾವಿ, ಸಂತೆ, ಕಚೇರಿ, ರೈಲು, ಅವಳು ಕಾಣದ್ದನ್ನೆಲ್ಲ ಕೊಟ್ಟೆ. ಅಪ್ಪನ ಮಾತು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಅದನ್ನು ಇಬ್ಬರೂ ಎತ್ತಲಿಲ್ಲ.

ಮೇ ತಿಂಗಳ ಕೊನೆಗೆ ಫಲಿತಾಂಶ ಬಂತು. ಕಾರವಾರದಲ್ಲಿ ಹಚ್ಚಿದ ಪಟ್ಟಿಯಿಂದ ನಮ್ಮ ಶಾಲೆಯ ಹೆಸರುಗಳನ್ನು ಒಂದು ಕಾಗದದ ಮೇಲೆ ನಕಲು ಮಾಡಿಕೊಂಡು ಮಧ್ಯಾಹ್ನದ ಮೋಟಾರಿಗೆ ಅಂಕೋಲೆಗೆ ಇಳಿದೆ. ನೆಟ್ಟಗೆ ಮೀನು ಪೇಟೆಗೆ ಹೋದೆ. ಆ ದಿನದ ವ್ಯಾಪಾರ ಮುಗಿಯುತ್ತ ಬಂದಿತ್ತು. ರುಕ್ಮಿಯ ಬುಟ್ಟಿಯಲ್ಲಿ ಇಪ್ಪತ್ತರ ಮೇಲೆ ಬಂಗಡೆ ಉಳಿದಿತ್ತು, ಎದುರಿಗೆ ಇಬ್ಬರು ಹೆಂಗಸರು ಚೌಕಾಶಿ ಮಾಡುತ್ತಿದ್ದರು. ನನ್ನನ್ನು ಕಂಡು ಅವಳು ಕೈ ಎತ್ತಿದಳು.

"ಹೇಳ್ಬೇಡಿ ಮಾಸ್ತರೆ."

ಆ ಇಬ್ಬರಿಗೆ ಮೀನು ಎಣಿಸಿ ಕೊಟ್ಟಳು. ಕೊಡದಲ್ಲಿ ಉಳಿದಿದ್ದ ನೀರಿನಿಂದ ಕೈ ತೊಳೆದು, ಸೆರಗಿನ ಒಣ ತುದಿ ಹುಡುಕಿ ಒರಸಿಕೊಂಡು, ಕಾಗದಕ್ಕೆ ಕೈ ಚಾಚಿದಳು. ನಿಂತೇ ಓದಿದಳು. ಮೊದಲಿನಿಂದ ಕೊನೆಯವರೆಗೆ, ಆಮೇಲೆ ಕೊನೆಯಿಂದ ಮೇಲಕ್ಕೆ. ಆರನೆಯ ಸಾಲಿನಲ್ಲಿ ಬೆರಳು ನಿಂತಿತು. ಅವಳ ಹೆಸರು, ಅಪ್ಪನ ಹೆಸರು, ಊರು. ಅದರ ಮುಂದೆ ನಾನು ಬರೆದಿದ್ದ ಎರಡಕ್ಷರದ ಶಬ್ದದ ಮೇಲೆ ಬೆರಳು ಬಹಳ ಹೊತ್ತು ಇತ್ತು.

"ಎಂತದೇ ರುಕ್ಮಿ, ಕಾಗದ?" ಎಂದು ಪಕ್ಕದ ಬುಟ್ಟಿಯವಳು ಕೇಳಿದಳು. "ಗಂಡಂದಾ?"

"ಅಲ್ಲ," ಎಂದಳು ರುಕ್ಮಿ. "ನಂದೇ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ಉಳಿದ ಬಂಗಡೆಯ ಮೇಲೆ ಎಲೆ ಮುಚ್ಚಿ ನನ್ನ ಕಡೆಗೆ ತಿರುಗಿದಳು.

"ಮಳೆ ಹಿಡ್ಯೂಕಿಂತ ಮೊದ್ಲು ದೇವಬಾಗಕ್ಕೆ ಹೋಗಿ ಸೇರ್ಕಬೇಕು ಮಾಸ್ತರೆ. ಕಾರವಾರದಿಂದ ಮೊದಲ್ನೇ ದೋಣಿ ಎಷ್ಟ್ ಗಂಟೆಗೆ ಬಿಡ್ತದೆ?"